ತಾಮ್ರದ ಬಿಲ್ಲೆ

ಮೂರನೇ ಗೇರಿಗೆ ಹಾಕಿದರೆ ಓಮ್ನಿ
ಸೂಜಿ ಮುರಿದ ಮಿಷಿನ್ನಿನ ಹಾಗೆ ಕಿರುಚುತ್ತಿತ್ತು.
ಕೌಲ್ ಬಜಾರಿನಿಂದ ವಾಷಿಂಗ್ ಯೂನಿಟ್ಟಿಗೆ
ದಿನಾ ನಾಲ್ಕು ಟ್ರಿಪ್ಪು, ಹಿಂದೆ ನೂರಿಪ್ಪತ್ತು ಪ್ಯಾಂಟು,
ಮುಂದೆ ಅದಿರು ಲಾರಿ, ಗಾಜಿನ ಮೇಲೆ ಕೆಂಪು.
ಕಿವಿ ಹೇಳಿತು: ಎಣ್ಣೆ ಸತ್ತಿದೆ.

ಅಂಗಡಿಯಲ್ಲಿ ಹೊನ್ನೂರಸ್ವಾಮಿಯ ಮೊದಲ ಮಾತು,
'ಬಿಚ್ಚೋರು ಯಾರಕ್ಕಾ?'
ನಾನೇ, ಅಂದೆ.
ನನ್ನ ಕೈ ನೋಡಿದ. ಬೆರಳ ತುದಿಯಲ್ಲಿ
ಎಷ್ಟು ತೊಳೆದರೂ ಹೋಗದ ಡೆನಿಮ್ಮಿನ ನೀಲಿ.
ಮತ್ತೇನೂ ಕೇಳದೆ ಗಾಜಿನ ಕೌಂಟರಿನ ಮೇಲೆ
ಮೂರು ಬಿಲ್ಲೆ ತಂದಿಟ್ಟ.

ಒಂದು ಅಲ್ಯೂಮಿನಿಯಂ: ಹಗುರ, ಅಗ್ಗ,
ಒಮ್ಮೆ ಅದುಮಿಸಿಕೊಂಡರೆ ಮುಗಿಯಿತು.
ಇನ್ನೊಂದು ಫೈಬರ್ರು, ಸುಟ್ಟ ಹಪ್ಪಳದ ಬಣ್ಣ,
ಮುಟ್ಟಿದರೆ ಅಂಚು ಉದುರಿತು;
ಎಷ್ಟು ಬೇಸಿಗೆ ಆ ಡಬ್ಬಿಯಲ್ಲಿ ಕೂತಿತ್ತೋ.
ಮೂರನೆಯದು ತಾಮ್ರ.
'ಹಳೇದಾದ್ರ ಒಲಿ ಮ್ಯಾಲೆ ಕೆಂಪಗ ಕಾಯ್ಸಿ
ನೀರಿಗೆ ಬಿಡ್ರಿ, ಮತ್ತ ಮೆತ್ತಗಾಗ್ತೈತಿ.'
ಉಕ್ಕಿಗೆ ಹಾಗೆ ಮಾಡಿದರೆ ಇನ್ನಷ್ಟು ಸೆಟೆಯುತ್ತದೆ.
ಇದರ ಗುಣವೇ ಬೇರೆ.
ಎರಡು ಕೊಡು ಅಂದೆ, ಮೇಲಿನ ಬಾಯಿಗೊಂದು, ಕೆಳಗಿನದಕ್ಕೊಂದು.

ಎಣ್ಣೆಯ ವಿಷಯಕ್ಕೆ ಮಾತ್ರ ಜಗಳ.
ಅವನು ತೆಗೆದದ್ದು ಜಿಎಲ್ ಐದರ ಡಬ್ಬಿ.
'ನಾಕಕ್ಕಿಂತ ಐದು ದೊಡ್ಡದಲ್ಲೇನಕ್ಕಾ?'
ದೊಡ್ಡದೇ. ಆದರೆ ಒಳಗೆ ಹಿತ್ತಾಳೆಯ ಉಂಗುರಗಳಿವೆ,
ಗೇರಿಗೂ ಗೇರಿಗೂ ಸಂಧಾನ ಮಾಡಿಸುವಂಥವು,
ಐದರ ಖಾರ ಅವಕ್ಕೆ ಆಗಿಬರುವುದಿಲ್ಲ.
ಜೀನ್ಸಿನ ಹದಿನೆಂಟರ ಸೂಜಿಯಲ್ಲಿ
ಯಾರಾದರೂ ರವಿಕೆ ಹೊಲೀತಾರಾ ಸ್ವಾಮಿ?
ನಕ್ಕ. ಏಣಿ ಹತ್ತಿ ಮೇಲಿನ ಗೂಡಿನಿಂದ
ನಾಲ್ಕರ ಡಬ್ಬಿ ಇಳಿಸಿ ಮುಚ್ಚಳದ ಧೂಳು ಲುಂಗಿಗೆ ಒರೆಸಿದ.
ಅಯಸ್ಕಾಂತವಿರುವ ಬೋಲ್ಟು ಕೇಳಿದೆ. ಇಲ್ಲವಂತೆ.
ಬಳ್ಳಾರಿಯಲ್ಲಿ ಅಯಸ್ಕಾಂತಕ್ಕೆ ಬರ!
ಚಿಕ್ಕಂದಿನಲ್ಲಿ ಒಡೆದ ಸ್ಪೀಕರಿನದಕ್ಕೆ ದಾರ ಕಟ್ಟಿ
ಬೀದಿಯುದ್ದಕ್ಕೂ ಎಳೆದರೆ
ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ಕರೀ ಗಡ್ಡ ಬೆಳೆದಿರುತ್ತಿತ್ತು.

ಭಾನುವಾರ. ನಾಲ್ಕು ಗಾಲಿಗೂ ಕಡಪಾ ಕಲ್ಲು ಕೊಟ್ಟು ಕೆಳಗೆ ತೂರಿದೆ.
ಟಾರ್ಚು ಹಿಡಿದವಳು ನಮ್ಮಲ್ಲಿ ಕಾಜಾ ಹೊಲಿಯುವ ಖೈರುನ್‌ಬಿ.
ಮೊದಲು ತುಂಬುವ ಬಾಯಿ ಬಿಚ್ಚಬೇಕು, ಆಮೇಲೆ ಸುರಿಯುವುದು.
ಮೇಲಿನದು ಜಂಗು ಹಿಡಿದು ಕೂತಿದ್ದರೆ
ಬರಿಹೊಟ್ಟೆಯಲ್ಲಿ ಗಾಡಿ ಅಲ್ಲೇ ನಿಂತೀತು.
ಅದು ಬಂತು. ಕೆಳಗಿನದೂ ಬಂತು,
ಹಿಂದೆಯೇ ಸುಟ್ಟ ವಾಸನೆಯ ಕಪ್ಪು
ಅರ್ಧ ಬಾನಿಗೆ, ಅರ್ಧ ನನ್ನ ಮೊಣಕೈಗೆ.

ಬೋಲ್ಟಿನ ಕತ್ತಿನಲ್ಲಿ ವಾಷರೇ ಇರಲಿಲ್ಲ.
ಇದ್ದದ್ದು ದುಂಡಗೆ ಕತ್ತರಿಸಿದ ಒಂದು ಚರ್ಮದ ಚೂರು.
ಒರೆಸಿ ಬೆಳಕಿಗೆ ಹಿಡಿದೆ:
ಪ್ಯಾಂಟಿನ ಸೊಂಟದ ಹಿಂದೆ ನಾವು ಹೊಲಿಯುವ ಲೇಬಲ್ಲು,
ಮೇಲೆ ಅರ್ಧ ಹದ್ದು.
ಎರ್ರಿಸ್ವಾಮಿ!
ನಾಲ್ಕು ವರ್ಷದ ಹಿಂದೆ ಚೀಟಿಯಲ್ಲಿ
ಹೊಸ ವಾಷರ್ ನಲವತ್ತು ರೂಪಾಯಿ ಅಂತ ಬರೆದವನು
ಹಿಂದಿನ ಸೀಟಿನ ನನ್ನ ಚೀಲದಿಂದಲೇ ಕದ್ದು
ನನ್ನ ಗಾಡಿಗೇ ಹಾಕಿದ್ದಾನೆ.
'ಸೋರಿತ್ತೇನು?' ಖೈರುನ್‌ಬಿ ಕೇಳಿದಳು.
ಇಲ್ಲ.
ನಾಲ್ಕು ವರ್ಷದಲ್ಲಿ ಒಂದು ಹನಿಯೂ ಇಲ್ಲ.
ಬೈಯಲು ತೆರೆದ ಬಾಯಿ ಹಾಗೇ ಇತ್ತು,
ಮೂಗಿನ ಮೇಲೆ ಎಣ್ಣೆ ತೊಟ್ಟಿಕ್ಕಿತು.

ತಾಮ್ರವನ್ನೇ ಹಾಕಿದೆ.
ಕೆಟ್ಟ ಸ್ಟೀಮ್ ಇಸ್ತ್ರಿಯ ಬಾಟಲಿಯನ್ನು ಕೊಳವೆ ಸಮೇತ
ಕಿಟಕಿಗೆ ನೇತುಹಾಕಿ ಹೊಸ ಎಣ್ಣೆ ಇಳಿಬಿಟ್ಟೆವು,
ಗ್ಲೂಕೋಸು ಏರಿಸಿದ ಹಾಗೆ, ಒಂದು ಚಾ ಮುಗಿಯುವಷ್ಟು ಹೊತ್ತು.
ಬಾಯಿಂದ ತುಳುಕಿತು. ಮುಚ್ಚಿದೆ.

ಸಂಜೆ ಮೋತಿ ಸರ್ಕಲ್ಲಿನವರೆಗೆ ಹೋಗಿ ಬಂದೆ.
ಮೂರನೆಯದು ಈಗಲೂ ಸ್ವಲ್ಪ ಗೊಣಗುತ್ತದೆ,
ಕಿರುಚುವುದಿಲ್ಲ.
ಅರ್ಧ ಹದ್ದು ಸ್ಟೇರಿಂಗಿನ ಮುಂದೆ ಒಣಗುತ್ತಿದೆ.
ಎರ್ರಿಸ್ವಾಮಿ ಸಿಕ್ಕರೆ ನಲವತ್ತು ರೂಪಾಯಿ ಕೇಳುವವಳೇ,
ಬಿಡುವವಳಲ್ಲ;
ಮತ್ತೆ ಅಷ್ಟು ದುಂಡಗೆ
ಯಾವ ಕತ್ತರಿಯಲ್ಲಿ ಕತ್ತರಿಸಿದೆಯೋ ಮಾರಾಯ, ಅಂತಲೂ.